‘ಲ್ಯಾಪ್‌ಟಾಪ್ ತಾವೇ ತರತಕ್ಕದ್ದು’ ಎಂಬ ಸಾಲು ತೆಗೆಯಿರಿ: ಚೆಸ್ ಎಂಜಿನ್ ಪಂದ್ಯಗಳ ಸಂಘಟಕರಿಗೆ ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಎಂಜಿನಿಯರಿಂಗ್, ಡಿಪ್ಲೊಮಾ, ಬಿಸಿಎ ಕಾಲೇಜುಗಳಲ್ಲಿ ತಾಂತ್ರಿಕ ಉತ್ಸವ ನಡೆಸುವವರಿಗೆ ಮತ್ತು ಕಂಪ್ಯೂಟರ್ ವಿಭಾಗಗಳ ಮುಖ್ಯಸ್ಥರಿಗೆ,

ಮಾನ್ಯರೇ,

ವಿದ್ಯಾರ್ಥಿಗಳು ತಾವೇ ಬರೆದ ಚೆಸ್ ಪ್ರೋಗ್ರಾಮುಗಳನ್ನು, ಅಂದರೆ ಚೆಸ್ ಎಂಜಿನ್ನುಗಳನ್ನು, ಎದುರುಬದುರು ಕೂರಿಸಿ ಆಡಿಸುವ ಪಂದ್ಯವನ್ನು ಉತ್ಸವದ ಪಟ್ಟಿಗೆ ಸೇರಿಸಿದ್ದೀರಿ. ಪಠ್ಯದಲ್ಲಿ ಓದಿದ ಟ್ರೀ, ರಿಕರ್ಶನ್, ಹ್ಯಾಶಿಂಗ್ ನಿಜವಾಗಿ ಕೈಗೆ ಹತ್ತುವುದು ಇಂಥ ಕೆಲಸದಲ್ಲೇ. ಅದಕ್ಕೆ ಮೊದಲು ಧನ್ಯವಾದ. ಆದರೆ ನಿಯಮಾವಳಿಯಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ತಂಡಗಳು ತಮ್ಮ ಲ್ಯಾಪ್‌ಟಾಪ್ ತಾವೇ ತರತಕ್ಕದ್ದು. ಆ ಸಾಲು ಹೋಗಬೇಕು. ಎಲ್ಲ ತಂಡಗಳ ಎಂಜಿನ್ನುಗಳೂ ಕಾಲೇಜು ಕೊಡುವ ಒಂದೇ ಮಷೀನಿನಲ್ಲಿ ಆಡಬೇಕು. ಇಷ್ಟು ಕೇಳಿಕೊಳ್ಳಲು ಈ ಪತ್ರ. ಹೇಗೆ ಮಾಡುವುದು, ಎಲ್ಲಿ ಎಡವುತ್ತೇವೆ ಎಂಬುದನ್ನೂ ಬರೆದಿದ್ದೇವೆ.

ನಮ್ಮ ಕಡೆ ಹಳ್ಳಿಗಳಲ್ಲಿ ಖಾಲಿ ಗಾಡಾ ಓಟ ನೋಡದವರು ಕಡಿಮೆ. ಒಂದು ನಿಮಿಷದಲ್ಲಿ ಯಾವ ಜೋಡೆತ್ತು ಎಷ್ಟು ಅಡಿ ಓಡಿತು ಎಂದು ಟೇಪು ಹಿಡಿದು ಅಳೆಯುತ್ತಾರೆ. ಒಬ್ಬರ ಗಾಡಾಕ್ಕೆ ಬೇರಿಂಗ್ ಹಾಕಿದ ಟೈರಿನ ಗಾಲಿ, ಇನ್ನೊಬ್ಬರದಕ್ಕೆ ಕಬ್ಬಿಣದ ಪಟ್ಟಿ ಬಡಿದ ಕಟ್ಟಿಗೆಯ ಗಾಲಿ ಇದ್ದರೆ, ಅಳೆದ ಅಡಿ ಎತ್ತಿನ ಕಸುವಿನದೋ ಗಾಲಿಯದೋ? ಕಣದ ಸುತ್ತ ನಿಂತ ಮಂದಿ ಆ ಫಲಿತಾಂಶ ಒಪ್ಪುವುದಿಲ್ಲ. ಚೆಸ್ ಎಂಜಿನ್ ಪಂದ್ಯದಲ್ಲಿ ಆ ಗಾಲಿ ಪ್ರೊಸೆಸರ್. ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಯಾರೂ ಕೇಳುವುದಿಲ್ಲ, ಅಷ್ಟೇ.

ವೇಗಕ್ಕೂ ಆಟದ ಬಲಕ್ಕೂ ಏನು ಸಂಬಂಧ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಎಂಜಿನ್ ಮಾಡುವುದು ಮುಂದಿನ ನಡೆಗಳ ಹುಡುಕಾಟ. ಹುಡುಕುವಾಗ ಎದುರಾಗುವ ಒಂದೊಂದು ಸ್ಥಿತಿಯೂ ಒಂದು ನೋಡ್. ಒಂದು ಕಡೆಯವರ ಒಂದು ನಡೆ ಒಂದು ಪ್ಲೈ. ಈಗ ಒಂದು ಸ್ಥಿತಿ ನೆನಸಿಕೊಳ್ಳಿ. ನಮ್ಮ ಆನೆಗೆ ಎದುರಾಳಿಯ ಕಾಲಾಳು ಸಿಗುತ್ತಿದೆ. ಹೊಡೆದರೆ ಎಂಟನೇ ಪ್ಲೈಯಲ್ಲಿ ಎದುರಾಳಿಯ ಕುದುರೆ ಬಂದು ನಮ್ಮ ರಾಜ ಮತ್ತು ಆನೆ ಎರಡರ ಮೇಲೂ ಒಟ್ಟಿಗೆ ಕೂರುತ್ತದೆ. ಒಂಬತ್ತರಲ್ಲಿ ರಾಜ ಸರಿಯಲೇಬೇಕು. ಹತ್ತರಲ್ಲಿ ಆನೆ ಹೋಯಿತು. ಕೊಟ್ಟ ಸಮಯದಲ್ಲಿ ಅಷ್ಟು ಆಳ ಮುಟ್ಟಿದ ಎಂಜಿನ್ನಿಗೆ ಅದು ಬಲೆ. ಅದರ ಮೊದಲೇ ಸಮಯ ಮುಗಿದ ಎಂಜಿನ್ನಿಗೆ ಅದು ಪುಕ್ಕಟೆ ಸಿಕ್ಕ ಕಾಲಾಳು. ಎರಡೂ ಕಡೆ ಕೋಡ್ ಒಂದೇ ಇರಬಹುದು, ಬರೆದ ಹುಡುಗಿಯೂ ಒಬ್ಬಳೇ ಇರಬಹುದು. ಬೇರೆಯಾಗಿದ್ದು ಸೆಕೆಂಡಿಗೆ ಎಷ್ಟು ನೋಡ್ ಎಂಬ ಸಂಖ್ಯೆ ಮಾತ್ರ.

ಸಾಮಾನ್ಯ ಮಧ್ಯದಾಟದಲ್ಲಿ ಒಂದು ಸ್ಥಿತಿಯಿಂದ 35ರ ಆಸುಪಾಸು ನಡೆಗಳಿರುತ್ತವೆ. ಫಲಿತಾಂಶ ಬದಲಿಸದ ಕವಲುಗಳನ್ನು ನೋಡದೆ ಬಿಡುವ ಆಲ್ಫಾ-ಬೀಟಾ ಕತ್ತರಿಕೆ ಇದ್ದು, ಒಳ್ಳೆಯ ನಡೆಗಳನ್ನು ಮೊದಲು ನೋಡುವ ಕ್ರಮವೂ ಸರಿಯಾಗಿದ್ದರೆ ಈ ಕವಲು 35ರ ವರ್ಗಮೂಲಕ್ಕೆ, ಅಂದರೆ ಸುಮಾರು 6ಕ್ಕೆ ಇಳಿಯುತ್ತದೆ. ಇಂಥ ಎಂಜಿನ್ ಇನ್ನೊಂದು ಪ್ಲೈ ಆಳಕ್ಕೆ ಇಳಿಯಲು 6 ಪಟ್ಟು ಕೆಲಸ ಮಾಡಬೇಕು. ನಲ್ ಮೂವ್, ಲೇಟ್ ಮೂವ್ ರಿಡಕ್ಷನ್ ಮುಂತಾದ, ಹುಡುಕಾಟ ಕಡಿಮೆ ಮಾಡುವ ಉಪಾಯಗಳನ್ನು ಸೇರಿಸಿ ಹದಮಾಡಿದ ಎಂಜಿನ್ನಿನಲ್ಲಿ ಕವಲು 2ರ ಹತ್ತಿರ ಬರುತ್ತದೆ. ಅಲ್ಲಿ ಮಷೀನ್ ಎರಡು ಪಟ್ಟು ವೇಗವಾದರೆ ಒಂದು ಪ್ಲೈ ಪೂರ್ತಿ ಸಿಗುತ್ತದೆ. ಹಾಗಾಗಿ ವೇಗದ ಮಷೀನ್ ಎಲ್ಲರಿಗೂ ಒಂದೇ ಅಳತೆಯಲ್ಲಿ ನೆರವಾಗುವುದಿಲ್ಲ. ಒಳ್ಳೆಯ ಕೋಡ್ ಬರೆದವನ ಕೈಗೆ ಒಳ್ಳೆಯ ಮಷೀನೂ ಸಿಕ್ಕರೆ ಅಂತರ ಇನ್ನೂ ಹಿಗ್ಗುತ್ತದೆ. ಒಳ್ಳೆಯ ಕೋಡ್ ಬರೆದು ಹಳೆಯ ಮಷೀನ್ ತಂದವನಿಗೆ ಆಗುವ ನಷ್ಟವೂ ಅಷ್ಟೇ ದೊಡ್ಡದು.

ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಈ ಲೆಕ್ಕವನ್ನು 1980ರ ದಶಕದ ಆರಂಭದಲ್ಲೇ ತಮ್ಮ ‘ಬೆಲ್’ (Belle) ಎಂಬ ಚೆಸ್ ಯಂತ್ರದ ಮೇಲೆ ಮಾಡಿ ನೋಡಿದ್ದರು. ಅದೇ ಪ್ರೋಗ್ರಾಮನ್ನು ಬೇರೆ ಬೇರೆ ಆಳಕ್ಕೆ ಕಟ್ಟಿಹಾಕಿ ತನ್ನ ವಿರುದ್ಧವೇ ಆಡಿಸಿದಾಗ ಒಂದೊಂದು ಪ್ಲೈಗೆ ಸುಮಾರು 200 ರೇಟಿಂಗ್ ಅಂಕ ಏರಿತು; ಆಳ ಕಡಿಮೆ ಇದ್ದಾಗ ಇನ್ನೂ ಹೆಚ್ಚು, ಆಳ ಹೆಚ್ಚಿದಂತೆ ಕಡಿಮೆ. ವಿದ್ಯಾರ್ಥಿಗಳ ಎಂಜಿನ್ನುಗಳು ಆಡುವುದು ಈ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ. ವೇಗದಿಂದ ಸಿಗುವ ಲಾಭ ಅಲ್ಲೇ ಅತಿ ಹೆಚ್ಚು.

ವೇಗ ಎರಡು ಪಟ್ಟಾದರೆ 50ರಿಂದ 70 ಅಂಕ ಏರುತ್ತದೆ ಎಂಬುದು ಎಂಜಿನ್ ಬರೆಯುವವರ ನಡುವೆ ಹಳೆಯ ಅಂದಾಜು. 60 ಎಂದೇ ಹಿಡಿಯೋಣ. ಒಂದು ತಂಡದ ಮಷೀನ್ ಇನ್ನೊಂದರ ಮೂರು ಪಟ್ಟು ವೇಗದ್ದಾದರೆ ಅಂತರ ಸುಮಾರು 95 ರೇಟಿಂಗ್ ಅಂಕ. ರೇಟಿಂಗ್ ಅಂತರದಿಂದ ಫಲಿತಾಂಶ ಅಂದಾಜು ಮಾಡುವ ಎಲೊ ಸೂತ್ರದ ಪ್ರಕಾರ, ಸರಿಸಮ ಕೋಡ್ ಇದ್ದ ಎರಡು ತಂಡಗಳಲ್ಲಿ ವೇಗದ ಮಷೀನಿನವರಿಗೆ ನೂರು ಆಟಕ್ಕೆ 63 ಅಂಕ, ಉಳಿದವರಿಗೆ 37. ಅಂದರೆ ಪಂದ್ಯ ಶುರುವಾಗುವ ಮೊದಲೇ ಇಷ್ಟು ತೀರ್ಮಾನವಾಗಿರುತ್ತದೆ. ಮೂರು ಪಟ್ಟು ಅಂತರ ಅಪರೂಪದ್ದೂ ಅಲ್ಲ. ಹತ್ತು ವರ್ಷ ಹಳೆಯ, ನಾಲ್ಕು ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪಿಗೂ ಈಗಿನ ಗೇಮಿಂಗ್ ಲ್ಯಾಪ್‌ಟಾಪಿಗೂ ಒಂದೇ ಕೋರ್ ಲೆಕ್ಕ ಹಾಕಿದರೂ ಅಷ್ಟು ಅಂತರ ಸಲೀಸಾಗಿ ಬರುತ್ತದೆ. ಎಂಜಿನ್ ಎಲ್ಲ ಕೋರ್‌ಗಳನ್ನೂ ಬಳಸುವಂಥದ್ದಾದರೆ ಇನ್ನೂ ಹೆಚ್ಚು.

‘ಎಲ್ಲರೂ ಐ5 ತರಲಿ’ ಎಂದರೆ ಸರಿಹೋಗುವುದಿಲ್ಲವೇ ಎಂದು ಕೇಳಬಹುದು. ಹೋಗುವುದಿಲ್ಲ. ಐ5 ಎಂಬ ಚೀಟಿ ತೆಳು ಲ್ಯಾಪ್‌ಟಾಪಿನ 15 ವ್ಯಾಟ್‌ನ ಪ್ರೊಸೆಸರ್ ಮೇಲೂ ಇರುತ್ತದೆ, ದಪ್ಪ ಲ್ಯಾಪ್‌ಟಾಪಿನ 45 ವ್ಯಾಟ್‌ನದರ ಮೇಲೂ ಇರುತ್ತದೆ. 15 ವ್ಯಾಟ್‌ನದು ಮೊದಲ ಅರ್ಧ-ಒಂದು ನಿಮಿಷ ಹೆಚ್ಚು ವಿದ್ಯುತ್ ಎಳೆದು ಜೋರಾಗಿ ಓಡುತ್ತದೆ, ಆಮೇಲೆ ತನ್ನ ಮಿತಿಗೆ ಇಳಿಯುತ್ತದೆ. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಇಟ್ಟರೆ ಮತ್ತೂ ಇಳಿಯುತ್ತದೆ. ಇಂಟೆಲ್‌ನ 12ನೇ ತಲೆಮಾರಿನಿಂದ ಈಚೆಗೆ ಎರಡು ಬಗೆಯ ಕೋರ್ ಒಂದೇ ಚಿಪ್‌ನಲ್ಲಿವೆ. ವಿಂಡೋಸ್ ಎಂಜಿನ್ನನ್ನು ವೇಗದ ಕೋರ್ ಮೇಲೆ ಹಾಕಿತೋ ಉಳಿತಾಯದ ಕೋರ್ ಮೇಲೆ ಹಾಕಿತೋ ಎಂಬುದರ ಮೇಲೆ ಆಟವೇ ಬದಲಾಗುತ್ತದೆ. ರ್‍ಯಾಮ್ ಒಂದು ಪಟ್ಟಿಯಲ್ಲಿದೆಯೋ ಎರಡು ಪಟ್ಟಿಗಳಲ್ಲಿದೆಯೋ ಎಂಬುದೂ ದೊಡ್ಡ ಹ್ಯಾಶ್ (ನೋಡಿದ ಸ್ಥಿತಿಗಳ ಲೆಕ್ಕ ನೆನಪಿಡುವ ಕೋಷ್ಟಕ) ಬಳಸುವ ಎಂಜಿನ್ನಿಗೆ ಲೆಕ್ಕಕ್ಕೆ ಬರುತ್ತದೆ.

ಶಾಖದ ವಿಷಯವನ್ನು ಹತ್ತಿರದಿಂದ ನೋಡಬೇಕು. ಉತ್ಸವಗಳು ಹೆಚ್ಚಾಗಿ ಫೆಬ್ರವರಿಯಿಂದ ಮೇ ನಡುವೆ, ಮಧ್ಯಾಹ್ನದ ಹೊತ್ತು, ಸಭಾಂಗಣದಲ್ಲಿ. ಮೇಜಿಗೆ ಬಟ್ಟೆ ಹಾಸಿರುತ್ತದೆ, ಲ್ಯಾಪ್‌ಟಾಪ್ ಅದರ ಮೇಲೆ. ಗಾಳಿ ಎಳೆಯುವ ಕಿಂಡಿ ಕೆಳಗಡೆ ಇದ್ದರೆ ಬಟ್ಟೆ ಅದನ್ನು ಅರ್ಧ ಮುಚ್ಚಿಬಿಡುತ್ತದೆ. ಪರದೆಯ ಮೇಲೆ ಸೆಕೆಂಡಿಗೆ ಎಷ್ಟು ನೋಡ್ ಎಂಬ ಅಂಕಣವನ್ನೇ ನೋಡುತ್ತ ಕೂತರೆ ತಿಳಿಯುತ್ತದೆ: ಮೊದಲ ಹತ್ತು ನಡೆಗಳಲ್ಲಿ ಸಂಖ್ಯೆ ಸ್ಥಿರ. ಆಮೇಲೆ ಫ್ಯಾನಿನ ಸದ್ದು ಏರುತ್ತದೆ. ಪ್ರೊಸೆಸರ್ ಒಳಗೆ 95-100 ಡಿಗ್ರಿ ಮುಟ್ಟಿದೊಡನೆ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಅಂಕಣದ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಬಟ್ಟೆ ತೆಗೆದು ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತಿದರೆ ಒಂದೆರಡು ನಿಮಿಷಕ್ಕೆ ಮತ್ತೆ ಏರುತ್ತದೆ. ಫ್ಯಾನಿನಲ್ಲಿ ಧೂಳು ಕಟ್ಟಿದ, ಥರ್ಮಲ್ ಪೇಸ್ಟ್ ಒಣಗಿದ ಹಳೆಯ ಲ್ಯಾಪ್‌ಟಾಪಿಗೆ ಇದು ಬೇಗ ಆಗುತ್ತದೆ. ಮಷೀನ್ ಮೊದಲೇ ನಿಧಾನದ್ದು, ಬಿಸಿಯಿಂದ ಇನ್ನೂ ನಿಧಾನ. ಆ ಹುಡುಗನಿಗೆ ಎರಡೆರಡು ಸಲ ಅನ್ಯಾಯ.

‘ಬುದ್ಧಿ ಇದ್ದವನು ಯಾವ ಮಷೀನಿನಲ್ಲೂ ಗೆಲ್ಲುತ್ತಾನೆ’ ಎಂಬ ಮಾತಿಗೆ 1995ರ ಹಾಂಗ್‌ಕಾಂಗ್ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಷಿಪ್ಪನ್ನು ತೋರಿಸುವವರಿದ್ದಾರೆ. ಅಲ್ಲಿ 90 ಮೆಗಾಹರ್ಟ್ಸ್ ಪೆಂಟಿಯಂ ಮೇಲೆ ಓಡಿದ ಫ್ರಿಟ್ಜ್ ಎಂಬ ಪ್ರೋಗ್ರಾಮ್, ಐಬಿಎಂನ ಡೀಪ್ ಬ್ಲೂ ಮಾದರಿಯನ್ನು ಸೋಲಿಸಿ ಪ್ರಶಸ್ತಿ ಗೆದ್ದಿದ್ದು ನಿಜ. ಆದರೆ ಆ ಸೋಲು ಒಂದೇ ಆಟದ್ದು. ಅದೇ ಐಬಿಎಂ ತಂಡ ಎರಡು ವರ್ಷಗಳ ನಂತರ, 1997ರ ಮೇ ತಿಂಗಳಲ್ಲಿ, ಚೆಸ್‌ಗಾಗಿಯೇ ಮಾಡಿಸಿದ 480 ಚಿಪ್‌ಗಳಿಂದ ಸೆಕೆಂಡಿಗೆ 20 ಕೋಟಿ ಸ್ಥಿತಿ ನೋಡುವ ಯಂತ್ರ ತಂದು ನ್ಯೂಯಾರ್ಕಿನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು 3½–2½ರಿಂದ ಸೋಲಿಸಿತು. ಅದಕ್ಕೂ ಹಿಂದೆ 1980ರಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಅದೇ ಬೆಲ್ ಯಂತ್ರಕ್ಕೆ ಚೆಸ್‌ಗಾಗಿಯೇ ಕಟ್ಟಿದ ಸರ್ಕ್ಯೂಟ್ ಇತ್ತು. 1983 ಮತ್ತು 1986ರಲ್ಲಿ ಗೆದ್ದ ಕ್ರೇ ಬ್ಲಿಟ್ಜ್ ಓಡಿದ್ದು ಕ್ರೇ ಸೂಪರ್ ಕಂಪ್ಯೂಟರ್ ಮೇಲೆ. ಇವರ ಗೆಲುವನ್ನು ನಾವು ಕಡಿಮೆ ಎನ್ನುವುದಿಲ್ಲ. ಮಷೀನ್ ಕಟ್ಟುವುದೂ ಒಂದು ವಿದ್ಯೆ, ಅವರು ಕಟ್ಟಿದರು. ಅಂಗಡಿಯಿಂದ ಕೊಂಡು ತಂದ ಲ್ಯಾಪ್‌ಟಾಪಿನಲ್ಲಿ ವಿದ್ಯಾರ್ಥಿಯ ವಿದ್ಯೆ ಏನಿದೆ? ಅಲ್ಲಿರುವುದು ತಂದೆಯ ಸಂಬಳ.

ವಿಶ್ವ ಮಟ್ಟದಲ್ಲೂ ಈ ಪ್ರಶ್ನೆ ಎದ್ದು, 2010ರಿಂದ ಯಾವ ಯಂತ್ರವನ್ನಾದರೂ ತರಬಹುದಾದ ಮುಖ್ಯ ಚಾಂಪಿಯನ್‌ಷಿಪ್ ಜೊತೆಗೆ, ಎಲ್ಲರಿಗೂ ಒಂದೇ ಬಗೆಯ ಯಂತ್ರ ಇರುವ ವಿಶ್ವ ಚೆಸ್ ಸಾಫ್ಟ್‌ವೇರ್ ಚಾಂಪಿಯನ್‌ಷಿಪ್ ಬೇರೆಯಾಗಿಯೇ ನಡೆಯಿತು. ಅದೇ ವರ್ಷ ಶುರುವಾದ, ಎಂಜಿನ್ನುಗಳ ಟಿಸಿಇಸಿ ಪಂದ್ಯಾವಳಿಯೂ ಸಂಘಟಕರ ಮಷೀನಿನಲ್ಲೇ ನಡೆಯುತ್ತದೆ, ಆಟಗಾರರ ಮಷೀನಿನಲ್ಲಲ್ಲ. ನಾವು ಕೇಳುತ್ತಿರುವುದು ಹೊಸದೇನಲ್ಲ.

ಈಗ ಮಾಡುವ ರೀತಿ. ಲ್ಯಾಬಿನಲ್ಲಿ ಆರು ಕೋರ್‌ನ, 16 ಜಿಬಿ ರ್‍ಯಾಮ್‌ನ ಒಂದು ಡೆಸ್ಕ್‌ಟಾಪ್ ಇದ್ದರೆ ಸಾಕು; ಲ್ಯಾಪ್‌ಟಾಪ್ ಬೇಡ. ಆಟ ನಡೆಸಲು ಕ್ಯೂಟ್‌ಚೆಸ್ ಎಂಬ ಉಚಿತ ಪ್ರೋಗ್ರಾಮ್ ಇದೆ. ಎಂಜಿನ್ನಿಗೆ ಆದೇಶ ಕೊಟ್ಟು ಉತ್ತರ ಪಡೆಯುವ ಯುಸಿಐ ಭಾಷೆ ಮಾತಾಡುವ ಯಾವ ಎರಡು ಎಂಜಿನ್ನುಗಳನ್ನೂ ಆಡಿಸಿ, ಗಡಿಯಾರ ನೋಡಿಕೊಂಡು, ಆಟಗಳನ್ನು ಪಿಜಿಎನ್ ಕಡತಕ್ಕೆ ಬರೆದಿಡುತ್ತದೆ. ಪ್ರತಿ ಎಂಜಿನ್ನಿಗೆ ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆ) 1, ಹ್ಯಾಶ್ 128 ಎಂಬಿ. ಪಾಂಡರಿಂಗ್, ಅಂದರೆ ಎದುರಾಳಿಯ ಸಮಯದಲ್ಲಿ ತಾನೂ ಯೋಚಿಸುವುದು, ಬಂದ್. ಎರಡೂ ಎಂಜಿನ್ ಒಂದೇ ಮಷೀನಿನಲ್ಲಿ ಇದ್ದಾಗ ಪಾಂಡರಿಂಗಿಗೆ ಅವಕಾಶ ಕೊಟ್ಟರೆ ಒಂದು ಇನ್ನೊಂದರ ಪ್ರೊಸೆಸರ್ ಸಮಯ ಕಸಿಯುತ್ತದೆ. ತನ್ನ ಸರದಿ ಅಲ್ಲದಾಗಲೂ ಎಂಜಿನ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿ. ನಿಲ್ಲಿಸು ಎಂದರೂ ಹುಡುಕಾಟದ ಥ್ರೆಡ್ ನಿಲ್ಲದಿರುವುದು ವಿದ್ಯಾರ್ಥಿ ಎಂಜಿನ್ನುಗಳಲ್ಲಿ ಸಾಮಾನ್ಯ ದೋಷ. ಬೇಕೆಂದು ಮಾಡಿದ್ದಲ್ಲ, ಆದರೆ ಎದುರಾಳಿಗೆ ಪೆಟ್ಟು ಬೀಳುತ್ತದೆ.

ಮಷೀನ್ ಹದಗೊಳಿಸುವುದು ಹೀಗೆ. ವಿಂಡೋಸ್ ಆದರೆ ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಹಾಕಿ, ಅಪ್‌ಡೇಟ್ ಆ ದಿನಕ್ಕೆ ತಡೆಹಿಡಿಯಿರಿ, ಎಂಜಿನ್ನುಗಳಿರುವ ಫೋಲ್ಡರನ್ನು ಆ್ಯಂಟಿವೈರಸ್ ತಪಾಸಣೆಯಿಂದ ಹೊರಗಿಡಿ. ಹೊಸದಾಗಿ ಕಂಪೈಲ್ ಆದ ಪ್ರೋಗ್ರಾಮನ್ನು ಆ್ಯಂಟಿವೈರಸ್ ಅನುಮಾನದಿಂದ ಹಿಡಿದು ನಿಲ್ಲಿಸಿದರೆ ಒಂದು ತಂಡ ಮೊದಲ ನಡೆಗೇ ಸಮಯ ಮೀರಿ ಸೋಲುತ್ತದೆ. ಬಯಾಸ್‌ನಲ್ಲಿ ಟರ್ಬೊ ಬಂದ್ ಮಾಡಿ. ಟರ್ಬೊ ಇದ್ದರೆ ಒಂದು ಕೋರ್ ಕೆಲಸ ಮಾಡುವಾಗ ಒಂದು ವೇಗ, ನಾಲ್ಕು ಮಾಡುವಾಗ ಇನ್ನೊಂದು. ತಂಪಿದ್ದಾಗ ಒಂದು, ಬಿಸಿಯಾದಾಗ ಮತ್ತೊಂದು. ಬಂದ್ ಮಾಡಿದರೆ ವೇಗ ಕಡಿಮೆಯಾಗುತ್ತದೆ, ಆದರೆ ಬೆಳಗಿನ ಆಟಕ್ಕೂ ಸಂಜೆಯ ಆಟಕ್ಕೂ ಒಂದೇ ಇರುತ್ತದೆ. ನಮಗೆ ಬೇಕಾದ್ದು ಅದೇ.

ಆಟ ಶುರು ಮಾಡುವ ಮೊದಲು ಹತ್ತು-ಹದಿನೈದು ನಿಮಿಷ ಮಷೀನಿಗೆ ಕೆಲಸ ಕೊಟ್ಟು ಬಿಸಿ ಮಾಡಿ, ಆಮೇಲೆ ಅಳೆಯಿರಿ. ಅಳತೆಗೆ ಸ್ಟಾಕ್‌ಫಿಶ್ ಎಂಬ ಉಚಿತ ಚೆಸ್ ಎಂಜಿನ್ ತೆರೆದು ‘ಬೆಂಚ್’ ಆದೇಶ ಕೊಟ್ಟರೆ, ಅದು ತನ್ನೊಳಗೇ ಇರುವ ಗೊತ್ತಾದ ಸ್ಥಿತಿಗಳನ್ನು ಹುಡುಕಿ ಕೊನೆಗೆ ಮೂರು ಸಾಲು ಬರೆಯುತ್ತದೆ: ಹಿಡಿದ ಸಮಯ, ಹುಡುಕಿದ ನೋಡ್, ಸೆಕೆಂಡಿಗೆ ನೋಡ್. ಹಾಗೇ ಕೊಟ್ಟರೆ 13ರ ಆಳಕ್ಕೆ ಮುಗಿಸಿಬಿಡುತ್ತದೆ. ಅಷ್ಟು ಚಿಕ್ಕ ಓಟದಲ್ಲಿ ಶಾಖದ ಪರಿಣಾಮ ಕಾಣುವುದಿಲ್ಲ. ಆದೇಶದ ಮುಂದೆ 128, 1, 20 ಎಂದು ಹ್ಯಾಶ್, ಥ್ರೆಡ್, ಆಳ ಕೊಟ್ಟು ಉದ್ದ ಮಾಡಿ. ಒಂದೇ ಆವೃತ್ತಿ, ಒಂದೇ ಥ್ರೆಡ್ ಇದ್ದಾಗ ಎರಡನೇ ಸಾಲಿನ ಸಂಖ್ಯೆ ಪ್ರತಿ ಸಲವೂ ಅದೇ ಬರಬೇಕು. ಬೇರೆ ಬಂದರೆ ಯಾರೋ ಆವೃತ್ತಿ ಅಥವಾ ಸೆಟ್ಟಿಂಗ್ ಬದಲಿಸಿದ್ದಾರೆ ಎಂದರ್ಥ. ಮೂರನೇ ಸಾಲನ್ನು ಮೂರು ಸಲ ಅಳೆದು ನಡುವಿನದನ್ನು ಹಲಗೆಯ ಮೇಲೆ ಬರೆದಿಡಿ. ಪಂದ್ಯದ ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಳೆಯಿರಿ. ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣ ಹುಡುಕುವವರೆಗೆ ಮುಂದಿನ ಆಟ ಬೇಡ.

ಸಮಯ 60 ಸೆಕೆಂಡ್, ಪ್ರತಿ ನಡೆಗೆ 0.6 ಸೆಕೆಂಡ್ ಸೇರ್ಪಡೆ ಇಟ್ಟರೆ ಸಾಕು. 70 ನಡೆಗಳ ಆಟಕ್ಕೆ ಎರಡೂ ಕಡೆ ಸೇರಿ ಹೆಚ್ಚೆಂದರೆ 204 ಸೆಕೆಂಡ್. ಸೇರ್ಪಡೆ ಇಲ್ಲದೆ ಬರೀ ಒಂದು ನಿಮಿಷ ಕೊಟ್ಟರೆ ಕೊನೆಯ ಸೆಕೆಂಡುಗಳಲ್ಲಿ ಚೆಸ್ ನಡೆಯುವುದಿಲ್ಲ, ಯಾರ ಪ್ರೋಗ್ರಾಮ್ ಬೇಗ ಉತ್ತರ ಬರೆಯುತ್ತದೆ ಎಂಬ ಓಟ ನಡೆಯುತ್ತದೆ. ಪೈಥಾನ್, ಜಾವಾದಲ್ಲಿ ಬರೆದವು ಎದ್ದು ನಿಲ್ಲಲು ಕೆಲ ಕ್ಷಣ ತೆಗೆದುಕೊಳ್ಳುತ್ತವೆ, ‘ಸಿದ್ಧವೇ?’ ಎಂಬ ಯುಸಿಐ ಪ್ರಶ್ನೆಗೆ ‘ಸಿದ್ಧ’ ಎಂಬ ಉತ್ತರ ಬಂದ ಮೇಲೆಯೇ ಗಡಿಯಾರ ಓಡಬೇಕು. ಇಲ್ಲಿ ಒಂದು ಮಾತು ಕೇಳಿಬರುತ್ತದೆ: ಪೈಥಾನ್ ಎಂಜಿನ್ ಸಿ++ಗಿಂತ ಹತ್ತಾರು ಪಟ್ಟು ನಿಧಾನ, ಅದಕ್ಕೂ ರಿಯಾಯಿತಿ ಬೇಡವೇ? ನಮ್ಮ ಅಭಿಪ್ರಾಯ, ಬೇಡ. ಭಾಷೆ ಆರಿಸಿಕೊಳ್ಳುವುದು, ಬಿಟ್‌ಬೋರ್ಡ್ (ಚೆಸ್ ಹಲಗೆಯನ್ನು ಬಿಟ್‌ಗಳಲ್ಲಿ ಹಿಡಿದಿಡುವ ರೀತಿ) ಬರೆಯುವುದು, ಕೋಡ್ ಚುರುಕು ಮಾಡುವುದು ಎಲ್ಲ ವಿದ್ಯಾರ್ಥಿಯ ಕೈಯಲ್ಲಿದೆ, ದುಡ್ಡು ಬೇಕಿಲ್ಲ. ಬೇಕಾದರೆ ಪೈಥಾನ್‌ಗೆ ಬೇರೆ ಬಹುಮಾನ ಇಡಿ. ಸಿ++ ಎಂಜಿನ್ನುಗಳನ್ನು ಮಾತ್ರ ಸೋರ್ಸ್ ಪಡೆದು ತಾವೇ ಆ ಮಷೀನಿನಲ್ಲಿ, ಎಲ್ಲರಿಗೂ ಒಂದೇ ಆಪ್ಟಿಮೈಜೇಶನ್ ಮಟ್ಟದಲ್ಲಿ ಕಂಪೈಲ್ ಮಾಡಿಕೊಳ್ಳಿ. ಡಿಬಗ್ ಬಿಲ್ಡ್ (ದೋಷ ಹುಡುಕಲೆಂದು ಕಂಪೈಲ್ ಮಾಡಿದ್ದು) ತಂದು ಕೊಟ್ಟು ಹಲವು ಪಟ್ಟು ನಿಧಾನವಾಗಿ ಸೋಲುವುದು ಹೊಸಬರಿಗೆ ಆಗುವ ಎಡವಟ್ಟು. ಇದರಿಂದ ಅದೂ ತಪ್ಪುತ್ತದೆ.

ಎಲ್ಲ ಆಟಗಳನ್ನೂ ಮೊದಲ ಸ್ಥಿತಿಯಿಂದ ಶುರು ಮಾಡಬೇಡಿ. ಒಂದೇ ಥ್ರೆಡ್‌ನ ಎಂಜಿನ್ನುಗಳು ಹೆಚ್ಚೂಕಡಿಮೆ ಅದೇ ಆಟವನ್ನೇ ಮತ್ತೆ ಮತ್ತೆ ಆಡುತ್ತವೆ. ಹತ್ತು ಆರಂಭಗಳನ್ನು ಆರಿಸಿ, ಪ್ರತಿಯೊಂದನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸಿ. ಎಂಟು ತಂಡಗಳಿದ್ದರೆ 28 ಜೋಡಿ, ಜೋಡಿಗೆ 20 ಆಟ, ಒಟ್ಟು 560 ಆಟ. ಒಂದೊಂದಾಗಿ ಆಡಿಸಿದರೆ ಸುಮಾರು 32 ಗಂಟೆ. ಪಾಂಡರಿಂಗ್ ಇಲ್ಲದ್ದರಿಂದ ಒಂದು ಆಟಕ್ಕೆ ಒಂದು ಕೋರ್ ಸಾಕು. ಆರು ಕೋರ್‌ನ ಮಷೀನಿನಲ್ಲಿ ನಾಲ್ಕು ಆಟ ಒಟ್ಟಿಗೆ ನಡೆಸಿದರೆ ಎಂಟು ಗಂಟೆಯೊಳಗೆ ಮುಗಿಯುತ್ತದೆ. ಉಳಿದ ಎರಡು ಕೋರ್ ವಿಂಡೋಸ್‌ಗೂ ಕ್ಯೂಟ್‌ಚೆಸ್‌ಗೂ ಬಿಡಿ. ಒಂದು ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡ್ಡಿಂಗ್‌ನ ಹನ್ನೆರಡನ್ನು ಹನ್ನೆರಡು ಕೋರ್ ಎಂದು ಎಣಿಸಿ ಹನ್ನೆರಡು ಆಟ ಹಚ್ಚಿದರೆ ಎರಡೆರಡು ಎಂಜಿನ್ ಒಂದೇ ಕೋರ್ ಹಂಚಿಕೊಂಡು, ಯಾವುದಕ್ಕೆ ಯಾವಾಗ ಎಷ್ಟು ವೇಗ ಸಿಕ್ಕಿತೋ ಗೊತ್ತಾಗದು. ಹಿಂದಿನ ರಾತ್ರಿ ಲೀಗ್ ಆಟಗಳನ್ನು ಓಡಿಸಿಟ್ಟು, ಉತ್ಸವದ ದಿನ ಮೊದಲ ಎರಡು ಸ್ಥಾನದ ತಂಡಗಳ ಆಟಗಳನ್ನು ದೊಡ್ಡ ಪರದೆಯ ಮೇಲೆ ನಿಧಾನದ ಸಮಯಕ್ಕೆ ತೋರಿಸಿದರೆ ನೋಡುವವರಿಗೂ ಚೆಂದ.

ಇಷ್ಟೊಂದು ಆಟ ಯಾಕೆ ಎಂದರೆ, ಐದು ಸುತ್ತಿನ ಸ್ವಿಸ್ ಪಂದ್ಯದಲ್ಲಿ (ಪ್ರತಿ ಸುತ್ತಿನಲ್ಲಿ ಸಮ ಅಂಕದವರನ್ನು ಜೋಡಿಸುವ ಪದ್ಧತಿ) ಅದೃಷ್ಟ ಮಷೀನಿಗಿಂತ ದೊಡ್ಡ ಅನ್ಯಾಯ ಮಾಡುತ್ತದೆ. ಒಂದು ಜೋಡಿಯ 20 ಆಟಗಳಲ್ಲೂ ಫಲಿತಾಂಶ ನೂರಕ್ಕೆ 18ರಷ್ಟು ಆ ಕಡೆ ಈ ಕಡೆ ಆಗಬಹುದು. ಒಂದು ತಂಡದ ಒಟ್ಟು 140 ಆಟ ಸೇರಿಸಿದಾಗ ಅದು ನೂರಕ್ಕೆ ಆರೇಳಕ್ಕೆ ಇಳಿಯುತ್ತದೆ. ಅದಕ್ಕೇ ಬಹುಮಾನವನ್ನು ಒಟ್ಟು ಅಂಕದ ಮೇಲೆ ಕೊಡಿ, ನಾಕೌಟ್ ಬೇಡ.

ಕರೆಂಟ್ ಹೋದರೆ? ಡೆಸ್ಕ್‌ಟಾಪಿಗೆ ಯುಪಿಎಸ್ ಇರಲೇಬೇಕು, ಅಷ್ಟಾದರೂ ನಡೆಯುತ್ತಿರುವ ಮೂರು ನಿಮಿಷದ ಆಟ ಮುಗಿಸಿಕೊಡುತ್ತದೆ. ನಡುವೆ ನಿಂತ ಆಟವನ್ನು ಅದೇ ಆರಂಭ, ಅದೇ ಬಣ್ಣದಿಂದ ಮೊದಲಿಂದ ಆಡಿಸುವುದು ಎಂದು ನಿಯಮದಲ್ಲೇ ಬರೆದಿಡಿ. ಆ ಹೊತ್ತಿನಲ್ಲಿ ಯಾರು ಮುಂದಿದ್ದರು ಎಂಬ ಚರ್ಚೆಗೆ ಜಾಗವೇ ಇರಬಾರದು.

ಒಂದೇ ಮಷೀನ್ ಸಾಧ್ಯವೇ ಇಲ್ಲ, ಗದಗದ ತಂಡ ಗದಗದಿಂದ, ಹಾವೇರಿಯದು ಹಾವೇರಿಯಿಂದ ಆಡಬೇಕು ಎನ್ನುವ ಸಂದರ್ಭ ಬಂದರೆ ಸಮಯವನ್ನು ವೇಗಕ್ಕೆ ತಕ್ಕಂತೆ ಹೊಂದಿಸಿ. ಎಂಜಿನ್ನುಗಳ ರೇಟಿಂಗ್ ಪಟ್ಟಿ ಮಾಡುವ ಸಿಸಿಆರ್‌ಎಲ್ ಬಳಗದವರು ಬೇರೆ ಬೇರೆ ಊರುಗಳ ತಮ್ಮ ತಮ್ಮ ಕಂಪ್ಯೂಟರುಗಳಲ್ಲಿ ಆಟ ನಡೆಸುವುದು ಹೀಗೆಯೇ: ಒಂದು ಪ್ರೊಸೆಸರನ್ನು ಅಳತೆಗೋಲು ಎಂದು ಇಟ್ಟುಕೊಂಡು, ಅದರ ಮೇಲೆ 40 ನಡೆಗೆ 15 ನಿಮಿಷ ಎಷ್ಟೋ ಅದಕ್ಕೆ ಸಮನಾದ ಸಮಯವನ್ನು ಉಳಿದ ಮಷೀನುಗಳಲ್ಲಿ ಕೊಡುತ್ತಾರೆ. ಅಳತೆಗೋಲಿನ ಮಷೀನ್ ಸೆಕೆಂಡಿಗೆ 8 ಲಕ್ಷ ನೋಡ್ ಕೊಟ್ಟರೆ, 16 ಲಕ್ಷ ಕೊಡುವ ಮಷೀನಿಗೆ 60 ಸೆಕೆಂಡಿನ ಬದಲು 30, 4 ಲಕ್ಷ ಕೊಡುವುದಕ್ಕೆ 120. ಲೆಕ್ಕ ಸುಲಭ, ಅಳತೆ ಸುಲಭವಲ್ಲ. ಸ್ಟಾಕ್‌ಫಿಶ್ 12ನೇ ಆವೃತ್ತಿಯಿಂದ, ಅಂದರೆ 2020ರಿಂದ, ನರಜಾಲದ (ನ್ಯೂರಲ್ ನೆಟ್‌ವರ್ಕ್) ಲೆಕ್ಕ ಬಳಸುತ್ತದೆ; ಹಲವು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಎವಿಎಕ್ಸ್2 ಸೌಲಭ್ಯ ಇಲ್ಲದ ಹಳೆಯ ಪ್ರೊಸೆಸರಿನಲ್ಲಿ ಅದು ವಿಪರೀತ ನಿಧಾನವಾಗುತ್ತದೆ. ಆದರೆ ವಿದ್ಯಾರ್ಥಿಯ ಸರಳ ಎಂಜಿನ್ನಿಗೆ ಎವಿಎಕ್ಸ್2 ಬೇಕೇ ಇಲ್ಲ. ಸ್ಟಾಕ್‌ಫಿಶ್‌ನಿಂದ ಅಳೆದರೆ ಆ ಹಳೆಯ ಮಷೀನಿಗೆ ಬೇಕಾದ್ದಕ್ಕಿಂತ ಹೆಚ್ಚು ಸಮಯ ಸಿಕ್ಕಿಬಿಡುತ್ತದೆ. ಇಂಥ ಕಡೆ ನರಜಾಲ ಇಲ್ಲದ ಸರಳ ಎಂಜಿನ್ನಿನಿಂದ ಅಳೆಯುವುದು ವಾಸಿ. ಬ್ಯಾಟರಿ ಉಳಿತಾಯದ ಮೋಡ್‌ನಲ್ಲಿ ಅಳೆಸಿಕೊಂಡು ಆಡುವಾಗ ಪೂರ್ತಿ ವೇಗಕ್ಕೆ ಹಾಕುವ ಮೋಸವೂ ಸಾಧ್ಯ. ಅಳೆಯುವುದು, ಆಡಿಸುವುದು ಎರಡನ್ನೂ ಆ ಊರಿನ ತೀರ್ಪುಗಾರರೇ ಮಾಡಬೇಕು. ಹಾಗಾಗಿ ಇದು ಎರಡನೇ ದಾರಿ ಮಾತ್ರ.

ಸಮಯ ಬಿಟ್ಟು ಪ್ರತಿ ನಡೆಗೆ ಇಷ್ಟೇ ನೋಡ್ ಎಂದು ಕಟ್ಟಿಹಾಕಿದರೆ ಮಷೀನಿನ ಹಂಗೇ ಇರುವುದಿಲ್ಲವಲ್ಲ ಎಂಬ ಸಲಹೆಯೂ ಬರುತ್ತದೆ. ಕೇಳಲು ಚೆಂದ, ಆದರೆ ಒಂದೊಂದು ಎಂಜಿನ್ನಿನ ನೋಡ್‌ಗೂ ಬೆಲೆ ಬೇರೆ. ಡೀಪ್‌ಮೈಂಡ್ ಕಂಪನಿ 2017ರಲ್ಲಿ ಪ್ರಕಟಿಸಿದ ಲೆಕ್ಕದಲ್ಲೇ ಅದರ ನರಜಾಲದ ಎಂಜಿನ್ ಆಲ್ಫಾಜೀರೊ ಸೆಕೆಂಡಿಗೆ 80 ಸಾವಿರ ಸ್ಥಿತಿ ನೋಡುತ್ತಿತ್ತು, ಸ್ಟಾಕ್‌ಫಿಶ್ 7 ಕೋಟಿ. ಇವೆರಡಕ್ಕೂ ಸಮ ನೋಡ್ ಕೊಟ್ಟರೆ ಅದಕ್ಕೆ ಅರ್ಥವೇನು? ಒಂದೊಂದು ಸ್ಥಿತಿಗೂ ಬೇಕಾದಷ್ಟು ಹೊತ್ತು ಲೆಕ್ಕ ಹಾಕುವವನಿಗೆ ಅದು ಪುಕ್ಕಟೆಯಾಗಿ, ಚುರುಕು ಕೋಡ್ ಬರೆದವನ ಶ್ರಮ ವ್ಯರ್ಥವಾಗುತ್ತದೆ. ದೋಷ ಹುಡುಕಲು, ಅದೇ ಆಟವನ್ನು ಮತ್ತೆ ಆಡಿಸಿ ನೋಡಲು ಈ ವಿಧಾನ ಒಳ್ಳೆಯದು, ಪಂದ್ಯಕ್ಕಲ್ಲ.

ಅದೇ ಆಲ್ಫಾಜೀರೊ ಸ್ಟಾಕ್‌ಫಿಶ್ ವಿರುದ್ಧ ಆಡಿದ ಪಂದ್ಯದ ಇನ್ನೊಂದು ಮಾತು ತಮ್ಮ ಗಮನಕ್ಕೆ. 100 ಆಟಗಳಲ್ಲಿ ಆಲ್ಫಾಜೀರೊಗೆ 28 ಗೆಲುವು, 72 ಡ್ರಾ, ಒಂದೂ ಸೋಲಿಲ್ಲ; ಹಾಗಿದ್ದೂ ಆಕ್ಷೇಪ ಎದ್ದಿತು. ಸ್ಟಾಕ್‌ಫಿಶ್‌ಗೆ 64 ಥ್ರೆಡ್ ಕೊಟ್ಟು ಹ್ಯಾಶ್ ಮಾತ್ರ 1 ಜಿಬಿ ಇಟ್ಟಿದ್ದರು, ಪ್ರತಿ ನಡೆಗೂ ಒಂದೇ ನಿಮಿಷ ಎಂದು ಕಟ್ಟಿ ಅದರ ಸಮಯ ನಿರ್ವಹಣೆಯನ್ನೇ ಕಸಿದಿದ್ದರು. 2018ರ ಪ್ರಬಂಧದಲ್ಲಿ ಹ್ಯಾಶ್ 32 ಜಿಬಿಗೆ ಏರಿಸಿ, ಆಟಕ್ಕೆ ಮೂರು ಗಂಟೆ ಮತ್ತು ನಡೆಗೆ 15 ಸೆಕೆಂಡ್ ಸೇರ್ಪಡೆ ಕೊಟ್ಟು 1000 ಆಟ ಮತ್ತೆ ಆಡಿಸಿದರು. 155 ಗೆಲುವು, 6 ಸೋಲು. ಗೆದ್ದವರು ಬದಲಾಗಲಿಲ್ಲ, ಆದರೆ ಆ ಮೊದಲ ಆಕ್ಷೇಪಗಳು ಉಳಿಯಲಿಲ್ಲ. ಹ್ಯಾಶ್ ಎಷ್ಟು, ಥ್ರೆಡ್ ಎಷ್ಟು, ಸಮಯ ಎಷ್ಟು, ಯಾವ ಪ್ರೊಸೆಸರ್ ಎಂಬುದನ್ನು ಒಂದು ತಿಂಗಳು ಮೊದಲೇ ಪ್ರಕಟಿಸಿದರೆ ತಂಡಗಳು ಅದಕ್ಕೆ ತಕ್ಕಂತೆ ತಯಾರಾಗುತ್ತವೆ.

ಜಿಪಿಯು ಬಳಸುವ ಎಂಜಿನ್ನುಗಳನ್ನು, ಬಾಡಿಗೆಯ ಕ್ಲೌಡ್ ಸರ್ವರ್ ಹಿಡಿದು ಬರುವವರನ್ನು ಈ ಪಂದ್ಯಕ್ಕೆ ಸೇರಿಸಬೇಡಿ. ಯಾವ ಜಿಪಿಯು ಎಷ್ಟು ಸಿಪಿಯು ಕೋರ್‌ಗೆ ಸಮ ಎಂಬುದಕ್ಕೆ ಎಲ್ಲರೂ ಒಪ್ಪುವ ಲೆಕ್ಕ ಇಲ್ಲ. ಅವರಿಗೆ ಮುಕ್ತ ವಿಭಾಗ ಎಂದು ಬೇರೆ ಇಡಿ, ಏನು ಬೇಕಾದರೂ ತರಲಿ.

ನಿಯಮಾವಳಿ ಹೊರಡಿಸುವ ಮೊದಲು ಆಯ್ದ ಮಷೀನಿನಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ಒಂದೇ ಎಂಜಿನ್ನಿಗೆ ಎರಡು ಹೆಸರು ಕೊಟ್ಟು, ತನ್ನ ವಿರುದ್ಧ ತಾನೇ 200 ಆಟ ಆಡಿಸಿ. ನಾಲ್ಕು ಆಟ ಒಟ್ಟಿಗೆ ನಡೆಸಿದರೆ ಮೂರು ಗಂಟೆಯೊಳಗಿನ ಕೆಲಸ. ಎರಡರ ಅಂಕವೂ 100ರ ಆಸುಪಾಸು, ಹೆಚ್ಚೆಂದರೆ ಹತ್ತು-ಹನ್ನೊಂದು ಅಂಕ ಆಚೀಚೆ ಇರಬೇಕು. 120–80 ಬಂದರೆ ಎಲ್ಲೋ ಒಂದು ಕಡೆಗೆ ವೇಗ ಹೆಚ್ಚು ಸಿಗುತ್ತಿದೆ: ಹ್ಯಾಶ್ ಬೇರೆ ಬೇರೆ ಇದೆಯೋ, ಒಂದು ಹೆಸರಿನದು ಉಳಿತಾಯದ ಕೋರ್ ಮೇಲೆ ಕೂತಿದೆಯೋ, ಆ್ಯಂಟಿವೈರಸ್ ಒಂದನ್ನು ಮಾತ್ರ ಹಿಡಿದಿದೆಯೋ ನೋಡಬೇಕು. ಈ ಪರೀಕ್ಷೆಗೆ, ಕ್ಯೂಟ್‌ಚೆಸ್ ಅಳವಡಿಸಲು, ಲ್ಯಾಬ್ ಸಹಾಯಕರಿಗೆ ಒಮ್ಮೆ ತೋರಿಸಿಕೊಡಲು ತಮ್ಮ ಕಾಲೇಜಿಗೆ ಬರಲು ನಾವು ಸಿದ್ಧರಿದ್ದೇವೆ. ಮಷೀನ್ ಒಂದು ದಿನ ನಮಗೆ ಬಿಟ್ಟುಕೊಟ್ಟರೆ ಸಾಕು.

ತಮ್ಮ ವಿಶ್ವಾಸಿಗಳು,
ಚೆಸ್ ಎಂಜಿನ್ ಬರೆಯುವ, ಪಂದ್ಯ ನಡೆಸಿಕೊಡುವ ಕೆಲವರು
ಹುಬ್ಬಳ್ಳಿ-ಧಾರವಾಡ